ವೇದಾವತಿಯೇ ಹಗರಿ: ಹೆಸರು ಹೇಳುವುದೇನು?

ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿ ಎನಿಸಿಕೊಳ್ಳುತ್ತವೆ. ಹಿರಿಯೂರಿನ ಹತ್ತಿರ ಮಾರಿಕಣಿವೆಯ ಅಣೆಕಟ್ಟನ್ನು ದಾಟಿದ ಆ ನದಿ ಅನಂತಪುರ ಜಿಲ್ಲೆಯನ್ನು ಹೊಕ್ಕು, ರಾಯದುರ್ಗ, ಬೊಮ್ಮನಹಾಳ್ ಸೀಮೆಯನ್ನು ಹಾದು, ಬಳ್ಳಾರಿಯ ಕಡೆ ತುಂಗಭದ್ರೆಯನ್ನು ಸೇರುವ ಹೊತ್ತಿಗೆ ಜನರ ಬಾಯಲ್ಲಿ ಹಗರಿಯಾಗಿರುತ್ತದೆ. ನದಿ ಒಂದೇ, ಹೆಸರು ಎರಡು. ಈ ಸಂಗತಿಯನ್ನು ಅರಿಯದವನಿಗೆ ‘ಹಗರಿಯೇ ಹಗರಿ’ ಎಂದು ಹೇಳಿದರೆ ಅವನಿಗೆ ಯಾವ ತಿಳಿವಳಿಕೆಯೂ ದೊರೆಯುವುದಿಲ್ಲ. ‘ವೇದಾವತಿಯೇ ಹಗರಿ’ ಎಂದರೆ ಹೊಸದೊಂದು ತಿಳಿಯುತ್ತದೆ. ಎರಡು ವಾಕ್ಯಗಳೂ ಒಂದೇ ನೀರನ್ನು ಕುರಿತವು. ಹೆಸರಿನ ಅರ್ಥವೆಂದರೆ ಹೆಸರು ತೋರಿಸುವ ವಸ್ತು, ಅಷ್ಟೇ ಎಂದಾದರೆ, ಈ ಎರಡು ವಾಕ್ಯಗಳ ಅರ್ಥವೂ ಒಂದೇ ಆಗಬೇಕಿತ್ತು. ಆಗುವುದಿಲ್ಲ. ಏಕೆ?

ಪಶ್ಚಿಮದಲ್ಲಿ ವಿಶ್ಲೇಷಣಾತ್ಮಕ ತತ್ತ್ವಶಾಸ್ತ್ರವೆಂದು ಹೆಸರಾದ ಪರಂಪರೆಯ ಮೂಲದಲ್ಲಿ ನಿಂತಿರುವ ಪ್ರಶ್ನೆ ಇದೇ. ಅದನ್ನು ಸ್ಪಷ್ಟವಾಗಿ ಎತ್ತಿದವನು ಜರ್ಮನಿಯ ಯೇನಾ ನಗರದಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಗೊಟ್ಲೋಬ್ ಫ್ರೇಗೆ. ಅವನು ಭಾಷೆಯ ಕಡೆಗೆ ಬಂದದ್ದು ಗಣಿತದ ದಾರಿಯಿಂದ. ಸಂಖ್ಯೆಗಳ ಸತ್ಯಕ್ಕೆ ತರ್ಕದ ಅಡಿಪಾಯ ಹಾಕಬೇಕೆಂದು ಹೊರಟವನಿಗೆ ದಿನಬಳಕೆಯ ಮಾತು ಸಡಿಲವಾಗಿ ಕಂಡಿತು. 1879ರಲ್ಲಿ ಅವನು ತರ್ಕಕ್ಕೆಂದೇ ಒಂದು ಹೊಸ ಲಿಪಿಯನ್ನು ರಚಿಸಿದ. 1892ರ ಪ್ರಬಂಧದಲ್ಲಿ ಹೆಸರಿಗೆ ಎರಡು ಮುಖಗಳಿವೆಯೆಂದು ವಾದಿಸಿದ. ಹೆಸರು ತೋರಿಸುವ ವಸ್ತು ಒಂದು. ಆ ವಸ್ತುವನ್ನು ಹೆಸರು ತೋರಿಸುವ ಬಗೆ ಇನ್ನೊಂದು. ಮೊದಲನೆಯದನ್ನು ನಿರ್ದೇಶ್ಯವೆಂದೂ ಎರಡನೆಯದನ್ನು ಅರ್ಥವೆಂದೂ ಕರೆಯಬಹುದು. ಅವನು ಕೊಟ್ಟ ಉದಾಹರಣೆ ಬೆಳಗಿನ ನಕ್ಷತ್ರ ಮತ್ತು ಸಂಜೆಯ ನಕ್ಷತ್ರ, ಎರಡೂ ಶುಕ್ರಗ್ರಹವೇ. ಅದನ್ನು ರಾಯದುರ್ಗದ ಓದುಗನಿಗೆ ಹೇಳಲು ಆಕಾಶಕ್ಕೆ ಹೋಗಬೇಕಾಗಿಲ್ಲ. ವೇದಾವತಿ ಮತ್ತು ಹಗರಿ ಒಂದೇ ನೀರನ್ನು ಎರಡು ದಡಗಳಿಂದ ತೋರಿಸುತ್ತವೆ.

ಪದದ ಅರ್ಥವನ್ನು ಬಿಡಿಯಾಗಿ ಕೇಳಬಾರದು, ವಾಕ್ಯದೊಳಗೆ ಇಟ್ಟು ಕೇಳಬೇಕು ಎಂದು ಫ್ರೇಗೆ 1884ರಲ್ಲಿಯೇ ಹೇಳಿದ್ದ. ಭಾರತದ ಮೀಮಾಂಸಕರಿಗೆ ಇದು ಹಳೆಯ ಜಗಳ. ಪದಗಳು ಮೊದಲು ತಮ್ಮ ತಮ್ಮ ಅರ್ಥವನ್ನು ಹೇಳುತ್ತವೆ, ಬಳಿಕ ಆ ಅರ್ಥಗಳು ಕೂಡಿ ವಾಕ್ಯಾರ್ಥವಾಗುತ್ತದೆ ಎಂದು ಕುಮಾರಿಲ ಭಟ್ಟನ ಪಕ್ಷ. ಪದಗಳು ಪರಸ್ಪರ ಕೂಡಿಕೊಂಡೇ ಅರ್ಥವನ್ನು ಹೇಳುತ್ತವೆ ಎಂದು ಪ್ರಭಾಕರನ ಪಕ್ಷ. ಯಜ್ಞದ ವಿಧಿವಾಕ್ಯವನ್ನು ಹೇಗೆ ಓದಬೇಕೆಂಬ ನಿತ್ಯದ ಅಗತ್ಯದಿಂದ ಆ ವಾದ ಬೆಳೆಯಿತು. ಆದ್ದರಿಂದ ಭಾಷೆಯ ಕುರಿತ ತತ್ತ್ವಚಿಂತನೆ ಈ ನೆಲಕ್ಕೆ ಹೊರಗಿನಿಂದ ಬಂದ ಸರಕಲ್ಲ. ಶಾಸ್ತ್ರವಾಕ್ಯವನ್ನು ಓದಿ ನಡೆಯಬೇಕಾದ ಜನ ಎಲ್ಲೆಲ್ಲಿದ್ದರೋ ಅಲ್ಲೆಲ್ಲ ಅದು ಹುಟ್ಟಿದೆ. ಇಂದು ವಿಧಿವಾಕ್ಯದ ಸ್ಥಾನದಲ್ಲಿ ಕಾನೂನಿನ ಕಲಮು ಮತ್ತು ನೋಂದಾಯಿತ ದಸ್ತಾವೇಜು ಇವೆ.

ಶಾಲೆಯಲ್ಲಿ ಕನ್ನಡ ವ್ಯಾಕರಣ ಓದಿದವರಿಗೆ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ವಿಭಾಗ ನೆನಪಿರುತ್ತದೆ. ಕೇಶಿರಾಜನ ಶಬ್ದಮಣಿದರ್ಪಣದ ಕಾಲದಿಂದ ಬಂದ ವಿಂಗಡಣೆ ಅದು. ಊರು, ನದಿ ಎಂಬವು ರೂಢನಾಮಗಳು; ಗುರುತಿಗಾಗಿ ಇಟ್ಟುಕೊಂಡ ಹೆಸರು ಅಂಕಿತನಾಮ; ಕುಂಟ, ವ್ಯಾಪಾರಿ ಎಂಬಂತೆ ಅರ್ಥಕ್ಕೆ ಅನುಗುಣವಾಗಿ ಬಂದದ್ದು ಅನ್ವರ್ಥನಾಮ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಹೇಳಿದ್ದು ಇದರ ಸಮೀಪಕ್ಕೆ ಬರುತ್ತದೆ: ಅಂಕಿತನಾಮ ವಸ್ತುವನ್ನು ಗುರುತಿಸುತ್ತದೆ, ಅದರ ಗುಣವನ್ನು ಹೇಳುವುದಿಲ್ಲ. ಡಾರ್ಟ್ ನದಿಯ ಮುಖದಲ್ಲಿರುವ ಊರಿಗೆ ಡಾರ್ಟ್‌ಮತ್ ಎಂದು ಹೆಸರು. ನದಿ ಪಾತ್ರ ಬದಲಿಸಿ ದೂರ ಸರಿದರೂ ಆ ಹೆಸರು ತಪ್ಪಾಗುವುದಿಲ್ಲ ಎಂಬುದು ಮಿಲ್ಲನ ಮಾತು. ಬೊಮ್ಮನಹಾಳ್ ಎಂಬ ಹೆಸರನ್ನೇ ನೋಡಬಹುದು. ‘ಬೊಮ್ಮ’ ಎಂಬಲ್ಲಿ ಕನ್ನಡಿಗನಿಗೆ ಬ್ರಹ್ಮನ ತದ್ಭವ ಕೇಳಿಸುತ್ತದೆ, ತೆಲುಗಿನವನಿಗೆ ಗೊಂಬೆ ಕೇಳಿಸುತ್ತದೆ. ‘ಹಾಳ್’ ಎಂಬುದು ಇಂದಿನ ಕನ್ನಡದ ಕಿವಿಗೆ ಹಾಳುಬಿದ್ದದ್ದು ಎಂದು ಕೇಳಬಹುದು. ಆದರೆ ಬಸ್ಸಿನ ಫಲಕದಲ್ಲಿ ಆ ಹೆಸರನ್ನು ಓದಿದವರು ಗೊಂಬೆಯನ್ನೂ ಹುಡುಕುವುದಿಲ್ಲ, ಹಾಳೂರನ್ನೂ ಹುಡುಕುವುದಿಲ್ಲ. ಇಬ್ಬರೂ ಒಂದೇ ಊರಿನಲ್ಲಿ ಇಳಿಯುತ್ತಾರೆ.

ಹೆಸರಿಗಿಂತ ಕಷ್ಟವಾದದ್ದು ವರ್ಣನೆ. ‘ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು’ ಎಂಬ ವಾಕ್ಯವನ್ನು ಬರ್ಟ್ರಂಡ್ ರಸೆಲ್ 1905ರಲ್ಲಿ ಚರ್ಚೆಗೆತ್ತಿಕೊಂಡ. ಫ್ರಾನ್ಸಿಗೆ ರಾಜನೇ ಇಲ್ಲ. ಹಾಗಿದ್ದಮೇಲೆ ಈ ವಾಕ್ಯ ಯಾರನ್ನು ಕುರಿತದ್ದು? ರಸೆಲ್ ಅದನ್ನು ಮೂರು ಹೇಳಿಕೆಗಳಾಗಿ ಬಿಡಿಸಿದ. ಅಂಥ ರಾಜನೊಬ್ಬನಿದ್ದಾನೆ, ಅಂಥವನು ಒಬ್ಬನೇ ಇದ್ದಾನೆ, ಅವನು ಬೋಳುತಲೆಯವನು. ಮೊದಲನೆಯದು ಸುಳ್ಳಾದ್ದರಿಂದ ಇಡೀ ವಾಕ್ಯ ಸುಳ್ಳು. ವ್ಯಾಕರಣದಲ್ಲಿ ಹೆಸರಿನಂತೆ ಕಾಣುವ ಮಾತು ತರ್ಕದಲ್ಲಿ ಹೆಸರೇ ಅಲ್ಲದಿರಬಹುದು ಎಂಬುದು ಅವನು ಕಲಿಸಿದ ಪಾಠ. ಮುಂದಿನ ಅರ್ಧ ಶತಮಾನದ ಇಂಗ್ಲಿಷ್ ತತ್ತ್ವಶಾಸ್ತ್ರ ಬಹುಮಟ್ಟಿಗೆ ಈ ಪಾಠದ ಮೇಲೆ ನಡೆಯಿತು.

ರಸೆಲ್ಲನ ಲೇಖನಕ್ಕೆ 33 ವರ್ಷ ಮೊದಲೇ ಈ ತೊಡಕುಗಳೆಲ್ಲ ಭಾರತದ ಒಂದು ಶಾಸನದಲ್ಲಿ ಸಾಲಾಗಿ ಕುಳಿತಿದ್ದವು. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ 1872ರ ಸಾಕ್ಷ್ಯ ಅಧಿನಿಯಮದ 93ರಿಂದ 98ರವರೆಗಿನ ಕಲಮುಗಳು, ಬರೆದ ಮಾತು ವಸ್ತುಸ್ಥಿತಿಗೆ ಹೊಂದದಿದ್ದಾಗ ಏನು ಮಾಡಬೇಕೆಂಬುದನ್ನು ಹೇಳುತ್ತವೆ. 95ನೆಯ ಕಲಮಿನ ದೃಷ್ಟಾಂತದಲ್ಲಿ ಒಬ್ಬನು ಕಲ್ಕತ್ತೆಯಲ್ಲಿರುವ ತನ್ನ ಮನೆಯನ್ನು ಮಾರುತ್ತಾನೆ. ಕಲ್ಕತ್ತೆಯಲ್ಲಿ ಅವನಿಗೆ ಮನೆಯೇ ಇಲ್ಲ, ಹೌರಾದಲ್ಲಿದೆ, ಕೊಂಡವನು ಪತ್ರವಾದಂದಿನಿಂದ ಅದರಲ್ಲಿಯೇ ಇದ್ದಾನೆ. ಇದು ಫ್ರಾನ್ಸಿನ ರಾಜನ ಸಮಸ್ಯೆ: ವರ್ಣನೆಗೆ ತಕ್ಕ ವಸ್ತುವಿಲ್ಲ. 96ನೆಯ ಕಲಮಿನಲ್ಲಿ ಒಬ್ಬನು ತನ್ನ ಬಿಳಿಯ ಕುದುರೆಯನ್ನು ಸಾವಿರ ರೂಪಾಯಿಗೆ ಮಾರಲು ಒಪ್ಪುತ್ತಾನೆ; ಅವನಲ್ಲಿ ಬಿಳಿಯ ಕುದುರೆಗಳು ಎರಡಿವೆ. ಇದು ರಸೆಲ್ಲನ ಎರಡನೆಯ ಹೇಳಿಕೆ ಮುರಿದುಬೀಳುವ ಸಂದರ್ಭ: ವಸ್ತು ಒಂದೇ ಅಲ್ಲ. 97ನೆಯದರಲ್ಲಿ ವರ್ಣನೆಯೇ ಎರಡಾಗಿ ಸೀಳುತ್ತದೆ: ಹೇಳಿದ ಊರಿನಲ್ಲಿರುವ ಜಮೀನು ಹೇಳಿದ ಗೇಣಿದಾರನ ವಶದಲ್ಲಿಲ್ಲ, ಅವನ ವಶದಲ್ಲಿರುವ ಜಮೀನು ಆ ಊರಿನಲ್ಲಿಲ್ಲ.

ಶಾಸನದ ಉತ್ತರ ರಸೆಲ್ಲನ ಉತ್ತರವಲ್ಲ. ರಸೆಲ್ಲನ ಪ್ರಕಾರ ವರ್ಣನೆಗೆ ತಕ್ಕ ವಸ್ತುವಿಲ್ಲದಿದ್ದರೆ ಮಾತು ಸುಳ್ಳಾಗಿ ಅಲ್ಲಿಗೆ ಮುಗಿಯುತ್ತದೆ. ನ್ಯಾಯಾಲಯ ಅಷ್ಟು ಬೇಗ ಕೈಬಿಡುವುದಿಲ್ಲ. ಬರೆದವನು ಯಾವುದನ್ನು ಉದ್ದೇಶಿಸಿದ್ದನೆಂದು ತೋರಿಸಲು ಸಾಕ್ಷ್ಯ ಕೊಡಬಹುದೆನ್ನುತ್ತದೆ. ಆದರೆ 94ನೆಯ ಕಲಮು ಇನ್ನೊಂದು ಬಾಗಿಲನ್ನು ಮುಚ್ಚುತ್ತದೆ. ಮಾತು ತನ್ನಷ್ಟಕ್ಕೆ ಸ್ಪಷ್ಟವಾಗಿದ್ದು ವಸ್ತುಸ್ಥಿತಿಗೆ ಸರಿಯಾಗಿ ಹೊಂದಿದರೆ, ‘ನನ್ನ ಮನಸ್ಸಿನಲ್ಲಿದ್ದದ್ದು ಬೇರೆ’ ಎಂದು ಹೇಳಲು ಆಸ್ಪದವಿಲ್ಲ. ಅರ್ಥದ ಒಡೆಯ ಯಾರು, ಮಾತೋ ಮಾತನಾಡಿದವನೋ ಎಂಬ ಪ್ರಶ್ನೆಯನ್ನು 1950ರಲ್ಲಿ ಪಿ. ಎಫ್. ಸ್ಟ್ರಾಸನ್, 1966ರಲ್ಲಿ ಕೀತ್ ಡಾನೆಲನ್ ರಸೆಲ್ಲನಿಗೆ ಎದುರಾಗಿ ಎತ್ತಿದರು. ಶಾಸನ ಅದಕ್ಕೆ ಮಧ್ಯದ ದಾರಿಯನ್ನು ಆಗಲೇ ಹಾಕಿತ್ತು: ಮಾತು ನಿಲ್ಲುವವರೆಗೆ ಮಾತೇ ಒಡೆಯ, ಮಾತು ಎಡವಿದಲ್ಲಿ ಆಡಿದವನ ಉದ್ದೇಶವನ್ನು ಹುಡುಕಬೇಕು. ಈ ನಿಯಮಗಳು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಹೊಸ ಸಂಖ್ಯೆಗಳೊಂದಿಗೆ ಮುಂದುವರಿದಿವೆ.

ಗಡಿನಾಡಿನ ಹಳೆಯ ಕಾಗದಪತ್ರಗಳಲ್ಲಿ ಈ ಪ್ರಶ್ನೆ ನಿತ್ಯವೂ ಉಸಿರಾಡುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಹೋಯಿತು. 1985ರಲ್ಲಿ ತಾಲೂಕುಗಳ ಜಾಗಕ್ಕೆ ಮಂಡಲಗಳು ಬಂದವು. 2022ರ ಏಪ್ರಿಲ್‌ನಲ್ಲಿ ಮಡಕಶಿರ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ‘ಮದರಾಸು ಇಲಾಖೆ, ಬಳ್ಳಾರಿ ಜಿಲ್ಲೆ, ರಾಯದುರ್ಗ ತಾಲೂಕು’ ಎಂದು ಬರೆದ ಅಜ್ಜನ ಕಾಲದ ಕ್ರಯಪತ್ರದ ಪ್ರತಿಯೊಂದು ವರ್ಣನೆಯೂ ಇಂದು ಸುಳ್ಳು. ಆದರೂ ಹೊಲ ಮಾಯವಾಗಿಲ್ಲ, ಪತ್ರ ಬರಿಗಾಗದವಾಗಿಲ್ಲ. ಅಮೆರಿಕದ ಸಾಲ್ ಕ್ರಿಪ್ಕಿ 1970ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ನೀಡಿದ ಉಪನ್ಯಾಸಗಳು ಇದಕ್ಕೆ ಕಾರಣವನ್ನು ಹೇಳುತ್ತವೆ. ಹೆಸರು ವರ್ಣನೆಗಳ ಕಟ್ಟಲ್ಲ. ಒಮ್ಮೆ ನಾಮಕರಣವಾದ ಮೇಲೆ ಒಬ್ಬರಿಂದ ಒಬ್ಬರಿಗೆ, ತಲೆಮಾರಿನಿಂದ ತಲೆಮಾರಿಗೆ ಸಾಗುವ ಸರಪಳಿಯೇ ಹೆಸರನ್ನು ವಸ್ತುವಿಗೆ ಬಿಗಿದಿರುತ್ತದೆ. ವರ್ಣನೆಗಳು ಬದಲಾಗಬಹುದು, ಸರಪಳಿ ಉಳಿದರೆ ಸಾಕು.

ಸರಪಳಿ ಉಳಿಯದಿದ್ದರೆ ಏನಾಗುತ್ತದೆ ಎಂಬುದೇ ಗಡಿನಾಡ ಕನ್ನಡಿಗನ ನಿಜವಾದ ಆತಂಕ. ಹಳೆಯ ಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥ ಹಳ್ಳ, ಪಶ್ಚಿಮಕ್ಕೆ ಇಂಥವರ ಹುಣಸೆಮರದ ಹೊಲ ಎಂದಿರುತ್ತದೆ. ಹೊಸ ಪತ್ರ ತೆಲುಗಿನಲ್ಲಿ ಆಗುವಾಗ ಹಳ್ಳ ‘ವಂಕ’ವಾಗುತ್ತದೆ. ಅಷ್ಟರಲ್ಲಿ ತೊಂದರೆಯಿಲ್ಲ. ಆದರೆ ಕನ್ನಡದಲ್ಲಿ ದೇವರ ಮುಂದಿನ ಕೆಂಡದ ಕುಣಿಯನ್ನು ಹೇಳುವ ‘ಕೊಂಡ’ ಎಂಬ ಮಾತು ತೆಲುಗಿನಲ್ಲಿ ಬೆಟ್ಟ. ಎರಡು ಲಿಪಿಗಳ ಅಕ್ಷರಗಳು ಒಡಹುಟ್ಟಿದವರಷ್ಟು ಹೋಲುವುದರಿಂದ ಬರೆಯುವವನು ಪದವನ್ನು ಹಾಗೆಯೇ ಇಳಿಸಿಬಿಡುವ ಅಪಾಯ ಇಲ್ಲಿ ಹೆಚ್ಚು. ಅಕ್ಷರ ದಾಟುತ್ತದೆ, ಅರ್ಥ ದಾಟುವುದಿಲ್ಲ.

ಅಂಕಿಗಳಾದರೂ ಸುರಕ್ಷಿತವೆಂದು ತೋರಬಹುದು. ಅದೂ ನಿಜವಲ್ಲ. ಮಡಕಶಿರದ ನೆರೆಯಲ್ಲಿರುವ ಪಾವಗಡ, ಶಿರಾ ತಾಲೂಕುಗಳಲ್ಲಿ ಎಕರೆಯನ್ನು 40 ಗುಂಟೆಗಳಾಗಿ ಎಣಿಸುತ್ತಾರೆ. ಗಡಿಯ ಈಚೆ ಎಕರೆಗೆ 100 ಸೆಂಟು. ‘3-20’ ಎಂದು ಬರೆದರೆ ಆಚೆಯವರಿಗೆ ಅದು ಮೂರೂವರೆ ಎಕರೆ. ಈಚೆಯವರಿಗೆ 3 ಎಕರೆ 20 ಸೆಂಟು. ಎರಡರ ನಡುವೆ 30 ಸೆಂಟು, ಎಂದರೆ 12 ಗುಂಟೆ ನೆಲದ ವ್ಯತ್ಯಾಸ. ಎರಡೂ ಕಡೆ ಬೀಗರಿರುವ ಕುಟುಂಬದ ವಿಭಾಗಪತ್ರದಲ್ಲಿ ಇದು ಸಣ್ಣ ಮಾತಲ್ಲ. ಅಂಕಿಯೊಳಗೆ ಅರ್ಥ ಅಡಗಿ ಕುಳಿತಿಲ್ಲ. ಆ ಅಂಕಿಯನ್ನು ಬಳಸುವ ಜನರ ರೂಢಿಯಲ್ಲಿ ಅದಿದೆ.

ಇದನ್ನೇ ಲುಡ್ವಿಗ್ ವಿಟ್‌ಗೆನ್‌ಸ್ಟೈನ್ ತನ್ನ ಎರಡನೆಯ ಅವಧಿಯ ಚಿಂತನೆಯಲ್ಲಿ ಹೇಳಿದ. 1921ರ ಮೊದಲ ಗ್ರಂಥದಲ್ಲಿ ವಾಕ್ಯವನ್ನು ವಸ್ತುಸ್ಥಿತಿಯ ಚಿತ್ರವೆಂದು ತಿಳಿದಿದ್ದವನು ಅವನು. ಬಳಿಕ ಆಸ್ಟ್ರಿಯಾದ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ಕೆಲಸ ಮಾಡಿದ, ಮಕ್ಕಳಿಗಾಗಿ ಒಂದು ಶಬ್ದಕೋಶವನ್ನೂ ಸಿದ್ಧಪಡಿಸಿದ. ಅವನು ತೀರಿಕೊಂಡ ಮೇಲೆ ಎರಡನೆಯ ಗ್ರಂಥ ಪ್ರಕಟವಾದದ್ದು ರಾಯದುರ್ಗ ಆಂಧ್ರಕ್ಕೆ ಸೇರಿದ 1953ರಲ್ಲಿ. ಪದದ ಅರ್ಥವೆಂದರೆ ಬಹಳ ಸಂದರ್ಭಗಳಲ್ಲಿ ಅದರ ಬಳಕೆ ಎಂಬುದು ಅದರ ಸಾರ. ಒಬ್ಬನೇ ಮನಸ್ಸಿನೊಳಗೆ ಇಟ್ಟುಕೊಂಡ ಅರ್ಥ ಅರ್ಥವೇ ಅಲ್ಲ. ಅದಕ್ಕೆ ಸರಿ-ತಪ್ಪು ಹೇಳಬಲ್ಲ ಇತರರು ಬೇಕು.

ಮಾತು ವರ್ಣಿಸುವುದಷ್ಟೇ ಅಲ್ಲ, ಕೆಲಸವನ್ನೂ ಮಾಡುತ್ತದೆ ಎಂದು ತೋರಿಸಿದವನು ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್. 1955ರ ಹಾರ್ವರ್ಡ್ ಉಪನ್ಯಾಸಗಳಲ್ಲಿ ಅವನು ಆಣೆ, ವಚನ, ಉಯಿಲು, ನಾಮಕರಣಗಳನ್ನು ಉದಾಹರಿಸಿದ. ‘ಮಾರಿಕೊಟ್ಟಿರುತ್ತೇನೆ’ ಎಂಬ ಕ್ರಯಪತ್ರದ ವಾಕ್ಯ ಎಲ್ಲೋ ನಡೆದ ಮಾರಾಟದ ವರದಿಯಲ್ಲ, ಮಾರಾಟವನ್ನು ನಡೆಸುವ ಮಾತೇ ಅದು. ಆದ್ದರಿಂದ ಪ್ರತಿ ಪತ್ರದಲ್ಲಿ ಎರಡನ್ನು ಬೇರೆಯಾಗಿ ಕೇಳಬೇಕು: ಇದು ಯಾವ ಕೃತ್ಯ, ಮತ್ತು ಆ ಕೃತ್ಯ ಯಾವುದನ್ನು ಕುರಿತದ್ದು.

ಈ ತಾತ್ತ್ವಿಕ ಭೇದ ಹೆಣ್ಣುಮಗಳೊಬ್ಬಳ ಜಮೀನಿನ ಪ್ರಶ್ನೆಯಾಗಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಕನ್ನಡ ನಾಡಿನಿಂದ ಹೋದ ನಿಂಗವ್ವ ಮತ್ತು ಬೈರಪ್ಪ ಪಕ್ಷಕಾರರಾಗಿದ್ದ ಆ ಮೊಕದ್ದಮೆ 1968ರಲ್ಲಿ ತೀರ್ಮಾನವಾಯಿತು. ವಂಚನೆ ಪತ್ರದ ಸ್ವರೂಪಕ್ಕೆ ಸಂಬಂಧಿಸಿದ್ದರೆ, ಎಂದರೆ ದಾನಪತ್ರವನ್ನು ಬೇರೇನೋ ಕಾಗದವೆಂದು ನಂಬಿಸಿ ಸಹಿ ಪಡೆದಿದ್ದರೆ, ಆ ಪತ್ರ ಮೊದಲಿನಿಂದಲೇ ಶೂನ್ಯ. ಪತ್ರ ದಾನಪತ್ರವೇ ಎಂದು ತಿಳಿದಿದ್ದು, ಅದರೊಳಗಿನ ವಿವರಗಳಲ್ಲಿ ಮೋಸವಾಗಿದ್ದರೆ, ಅದು ಶೂನ್ಯವಲ್ಲ, ಶೂನ್ಯಗೊಳಿಸಬಹುದಾದದ್ದು ಮಾತ್ರ; ಮೋಸ ಗೊತ್ತಾದ ಮೇಲೆ ಕಾಲಮಿತಿಯೊಳಗೆ ದಾವೆ ಹೂಡಿ ರದ್ದುಮಾಡಿಸಿಕೊಳ್ಳಬೇಕು. ಕಾಲ ಮೀರಿದರೆ ಪತ್ರ ನಿಲ್ಲುತ್ತದೆ. ಆಸ್ಟಿನ್ ಗುರುತಿಸಿದ ಕೃತ್ಯ ಮತ್ತು ವಿಷಯಗಳ ಗೆರೆಯೇ ಇಲ್ಲಿ ಹೊಲ ಉಳಿಯುವುದಕ್ಕೂ ಹೋಗುವುದಕ್ಕೂ ನಡುವಿನ ಗೆರೆಯಾಗಿದೆ. ತನಗೆ ಓದಲು ಬಾರದ ಭಾಷೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವನು ‘ಇದು ಕ್ರಯಪತ್ರ’ ಎಂಬಷ್ಟನ್ನೇ ತಿಳಿದು ಸುಮ್ಮನಾದರೆ, ಒಳಗಿನ ಸರ್ವೆ ನಂಬರಿನ ಮೋಸ ಈ ಎರಡನೆಯ, ದುರ್ಬಲವಾದ ರಕ್ಷಣೆಯ ಕೆಳಗೆ ಬೀಳುತ್ತದೆ.

ಹಾಗಾದರೆ ಪತ್ರವನ್ನು ಕನ್ನಡದಲ್ಲಿಯೇ ಬರೆಯಬಹುದೇ? 1908ರ ನೋಂದಣಿ ಅಧಿನಿಯಮದ 19ನೆಯ ಕಲಮು ಇದಕ್ಕೆ ಸಂಬಂಧಿಸಿದ್ದು. ಪತ್ರದ ಭಾಷೆ ನೋಂದಣಾಧಿಕಾರಿಗೆ ತಿಳಿಯದ್ದಾಗಿದ್ದು, ಮತ್ತು ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ್ದಾಗಿದ್ದರೆ, ಅದರೊಡನೆ ಬಳಕೆಯ ಭಾಷೆಯ ನಿಜವಾದ ಅನುವಾದವನ್ನೂ ನಿಜವಾದ ನಕಲನ್ನೂ ಕೊಡದ ಹೊರತು ಅವನು ನೋಂದಾಯಿಸತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಇಲ್ಲಿನ ‘ಮತ್ತು’ ಎಂಬ ಪುಟ್ಟ ಪದವನ್ನು ಫ್ರೇಗೆಯ ಕಣ್ಣಿನಿಂದ ಓದಬೇಕು. ಎರಡು ಷರತ್ತುಗಳೂ ಒಟ್ಟಿಗೆ ನಿಜವಾದರೆ ಮಾತ್ರ ನಿರಾಕರಣೆ. ಅಧಿಕಾರಿಗೆ ಕನ್ನಡ ತಿಳಿದಿದ್ದರೆ, ಅಥವಾ ಕನ್ನಡ ಆ ಜಿಲ್ಲೆಯಲ್ಲಿ ಸಾಮಾನ್ಯ ಬಳಕೆಯ ಭಾಷೆಯಾಗಿದ್ದರೆ, ಈ ಕಲಮಿನ ಕಾರಣದಿಂದ ತಿರಸ್ಕಾರ ಬರುವಂತಿಲ್ಲ. ಎರಡೂ ಇಲ್ಲದಿದ್ದರೂ ಬಾಗಿಲು ಮುಚ್ಚಿಲ್ಲ, ಅನುವಾದದೊಡನೆ ಹೋಗಬಹುದು.

ಆದರೆ ‘ಸಾಮಾನ್ಯವಾಗಿ ಬಳಕೆಯಲ್ಲಿರುವ’ ಎಂದರೆ ಎಷ್ಟು? ಜಿಲ್ಲೆಯ ಅರ್ಧ ಜನವೇ, ಒಂದು ಮಂಡಲವೇ, ನಾಲ್ಕು ಹಳ್ಳಿಯೇ? ಫ್ರೇಗೆ ಪ್ರತಿ ಪರಿಕಲ್ಪನೆಗೂ ಹೊಲದ ಬದುವಿನಂತೆ ಖಚಿತವಾದ ಎಲ್ಲೆ ಬೇಕೆಂದಿದ್ದ. ವಿಟ್‌ಗೆನ್‌ಸ್ಟೈನ್ ಎಲ್ಲೆ ಮಸುಕಾದ ಮಾತೂ ಕೆಲಸಕ್ಕೆ ಬರುತ್ತದೆ ಎಂದ. ಶಾಸನ ಅಂಕಿಯನ್ನು ಹೇಳದೆ ಬಳಕೆಯನ್ನು ಹೇಳಿದೆ. ಎಂದಮೇಲೆ ಈ ಪದದ ಅರ್ಥವನ್ನು ತುಂಬುವುದು ಶಬ್ದಕೋಶವಲ್ಲ, ಕನ್ನಡದಲ್ಲಿ ಅರ್ಜಿ ಬರೆಯುವ, ರಸೀದಿ ಕೇಳುವ, ಪತ್ರ ಮಾಡಿಸುವ ಜನರ ನಡೆ. ಸಂವಿಧಾನದ 350ನೆಯ ಅನುಚ್ಛೇದ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಕೊಡುತ್ತದೆ. ಅಲ್ಲಿಯೂ ಅದೇ ಪದ: ಬಳಕೆ. 1956ರಲ್ಲಿ ಸೇರಿದ 350ಎ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸಾಕಷ್ಟು ಅನುಕೂಲ ಒದಗಿಸಲು ಯತ್ನಿಸಬೇಕೆಂದು ರಾಜ್ಯಕ್ಕೆ ಹೇಳುವುದರಿಂದ, ಆ ಬಳಕೆಯ ಬೇರಿಗೆ ನೀರೆರೆಯುವ ವಿಧಿ ಅದೇ ಆಗಿದೆ.

ಇದರಿಂದ ಹೊರಡುವ ಕೆಲಸಗಳು ದೊಡ್ಡವಲ್ಲ. ತೆಲುಗಿನ ಪತ್ರವಾದರೂ ಸರ್ವೆ ನಂಬರಿನ ಜೊತೆಗೆ ಹೊಲದ ಕನ್ನಡ ಹೆಸರನ್ನೂ ಬರೆಸಬೇಕು. ‘ವೇದಾವತಿ ಎಂಬ ಹಗರಿ’ ಎಂದು ಎರಡು ಹೆಸರನ್ನೂ ಒಂದೇ ಸಾಲಿನಲ್ಲಿ ಕೂಡಿಸಬೇಕು. ಅಳತೆಯ ಅಂಕಿಯ ಮುಂದೆ ಸೆಂಟೋ ಗುಂಟೆಯೋ ಎಂದು ಅಕ್ಷರದಲ್ಲಿ ಹಾಕಿಸಬೇಕು. ಸಹಿಗೆ ಮೊದಲು ಇಡೀ ಪತ್ರವನ್ನು ಕನ್ನಡದಲ್ಲಿ ಓದಿ ವಿವರಿಸುವಂತೆ ಕೇಳಬೇಕು, ಹಾಗೆ ವಿವರಿಸಿದ ಸಂಗತಿಯನ್ನು ಪತ್ರದ ಕೊನೆಯಲ್ಲಿ ಬರೆಸಬೇಕು. ಮನೆಯ ಪೆಟ್ಟಿಗೆಯಲ್ಲಿರುವ ಹಳೆಯ ಕನ್ನಡ ಪತ್ರದ ಚಕ್ಕುಬಂದಿಯನ್ನು ಹಿರಿಯರಿರುವಾಗಲೇ ಹೊಲಕ್ಕೆ ಕರೆದೊಯ್ದು ತೋರಿಸಿಕೊಳ್ಳಬೇಕು.

ಕೊನೆಯ ಕೆಲಸಕ್ಕೆ ವಿಶೇಷ ಕಾರಣವಿದೆ. 1872ರ ಅಧಿನಿಯಮದ 98ನೆಯ ಕಲಮು, ಸಾಮಾನ್ಯರಿಗೆ ಓದಲಾಗದ ಅಕ್ಷರಗಳಿಗೆ, ಬಳಕೆ ತಪ್ಪಿದ, ಪರಭಾಷೆಯ, ಆಯಾ ಸೀಮೆಗೆ ಸೇರಿದ ಮಾತುಗಳಿಗೆ ಅರ್ಥವೇನೆಂದು ತೋರಿಸಲು ಸಾಕ್ಷ್ಯ ಕೊಡಬಹುದೆಂದು ಹೇಳಿತ್ತು. ಆ ಅವಕಾಶ ಇಂದಿಗೂ ಇದೆ. ಎಂದರೆ ಹಳೆಯ ಕನ್ನಡ ಪತ್ರದ ಒಂದು ಪದ ನ್ಯಾಯಾಲಯದಲ್ಲಿ ಮೂಕವಾಗಿ ನಿಂತಾಗ, ಅದರ ಪರವಾಗಿ ಮಾತನಾಡಲು ಕಾನೂನು ಒಬ್ಬ ಮನುಷ್ಯನನ್ನು ಕರೆಯುತ್ತದೆ. ಆ ಪದವನ್ನು ಬಳಸಿ ಬದುಕಿದವನು ಬಂದು ಇದು ಇಂಥ ಹಳ್ಳ, ಇದು ಇಂಥ ಬದು ಎಂದು ಹೇಳಬೇಕು. ಯೇನಾ, ಕೇಂಬ್ರಿಜ್, ಆಕ್ಸ್‌ಫರ್ಡುಗಳ ಒಂದೂವರೆ ಶತಮಾನದ ವಾದ ಕಾಗದದ ಮೇಲಿನ ಗುರುತು ತಾನಾಗಿ ಏನನ್ನೂ ಹಿಡಿಯುವುದಿಲ್ಲ ಎಂಬಲ್ಲಿಗೆ ಬಂದು ನಿಂತಿದೆ. ಪದವನ್ನು ನೆಲಕ್ಕೆ ಕಟ್ಟಿರುವುದು ಆಡುವ ಜನ. ಬೊಮ್ಮನಹಾಳಿನಲ್ಲಿ ಹಗರಿ ಎಂಬ ಹೆಸರಿಗೆ ಸಾಕ್ಷಿ ಹೇಳಬಲ್ಲವರು ಇಂದು ಇದ್ದಾರೆ. ಅವರ ಮೊಮ್ಮಕ್ಕಳಿಗೂ ಆ ಸಾಕ್ಷ್ಯ ಹೇಳಲು ಬರಬೇಕು.